ತೋಟದ ಔಷಧಿ ಹಳ್ಳಕ್ಕೆ ಇಳಿದರೆ: ಕೆಳಗಿನ ಕೇರಿಯವರು ಏನು ಪರೀಕ್ಷೆ ಮಾಡಿಸಬೇಕು, ಏನು ಕೇಳಬೇಕು?

ಬೇಡ್ತಿ_ಬದಿ (ಪ್ರಶ್ನೆ)

ಯಲ್ಲಾಪುರ ತಾಲೂಕಿನಲ್ಲಿ ಬೇಡ್ತಿ ಹೊಳೆಗೆ ಸೇರುವ ಒಂದು ಹಳ್ಳ. ಮೇಲೆ ಅಡಿಕೆ ತೋಟಗಳು, ಕೆಳಗೆ ಕಾಡಂಚಿನಲ್ಲಿ ಸಿದ್ದಿಗಳ ಕೇರಿ. ಬೇಸಿಗೆಯಲ್ಲಿ ಕುಡಿಯಲಿಕ್ಕೆ ಹಳ್ಳದ ಬದಿಯ ಒರತೆ, ಮಳೆಗಾಲದಲ್ಲಿ ಏಡಿ, ಮೀನು. ಕೆಲವು ಮನೆಯಲ್ಲಿ ತುಡುವೆ ಜೇನಿನ ಪೆಟ್ಟಿಗೆ ಇದೆ, ಕಾಡಿನ ಹೆಜ್ಜೇನನ್ನೂ ಕೊಯ್ಯುತ್ತಾರೆ. ತೋಟಕ್ಕೆ ಔಷಧಿ ಹೊಡೆಯುವ ಕೂಲಿಗೆ ಹೋಗುವವರೂ ಇದೇ ಕೇರಿಯವರು.

ಮೇಲೆ ಹೊಡೆಯುವುದು ಮೂರು ನಮೂನೆ: ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ), ಎಲೆಚುಕ್ಕಿ ರೋಗಕ್ಕೆ ಪ್ರೊಪಿಕೊನಜೋಲ್ ಎಂಬ ಶಿಲೀಂಧ್ರನಾಶಕ, ಬದು ಮತ್ತು ಕಾದಿಗೆಗೆ (ತೋಟದ ನೀರುಗಾಲುವೆಗೆ) ಕಳೆನಾಶಕ. ಜೂನ್ ಮೊದಲ ಮಳೆಗೆ ಹಳ್ಳದ ಗುಂಡಿಗಳಲ್ಲಿ ಮರಿಮೀನು ಸತ್ತು ತೇಲುತ್ತವೆ. ಡಿಸೆಂಬರ್‌–ಜನವರಿಯಲ್ಲಿ ಪೆಟ್ಟಿಗೆ ಮುಂದೆ ಜೇನು ರಾಶಿ ಬೀಳುತ್ತದೆ. ಪಂಚಾಯ್ತಿಯ ಕಿಟ್‌ನಲ್ಲಿ ನೀರು ನೋಡಿದರೆ "ಕುಡಿಯಲು ಯೋಗ್ಯ" ಎಂದು ಬಂತು.

ಯಾವುದರಿಂದ ಏನಾಗುತ್ತಿದೆ ಎಂದು ಬೇರ್ಪಡಿಸುವುದು ಹೇಗೆ? ಯಾವ ಪರೀಕ್ಷೆ ಮಾಡಿಸಬೇಕು? ಅರಣ್ಯ ಹಕ್ಕು ಕಾಯ್ದೆಯಲ್ಲಿ ಇದಕ್ಕೆ ಜಾಗ ಇದೆಯೇ? ತೋಟದವರ ಜೊತೆ ಜಗಳ ಬೇಡ, ಅನ್ನ ಹುಟ್ಟುವುದು ಅಲ್ಲೇ. ಆದರೆ ಕೇಳುವಾಗ ಖಚಿತವಾಗಿ ಕೇಳಬೇಕು.

ಕಾದಿಗೆ_ಶಿರಸಿ

ಮೀನಿನದ್ದು ಮೊದಲು ಹೇಳುತ್ತೇನೆ. ಜೂನ್ ಎಂದರೆ ಅನುಮಾನ ಬೋರ್ಡೋದ ತಾಮ್ರದ ಮೇಲೆ. ಅದರಲ್ಲೂ ಅಡಿಕೆ ಗೊನೆಗೆ ಹೊಡೆದದ್ದಕ್ಕಿಂತ ಡ್ರಮ್ ತೊಳೆದದ್ದರ ಮೇಲೆ.

ಲೆಕ್ಕ ಹಾಕಿ ನೋಡಿ. ಶೇ. 1ರ ಬೋರ್ಡೋ ಎಂದರೆ 100 ಲೀಟರ್ ನೀರಿಗೆ 1 ಕೆ.ಜಿ. ಮೈಲುತುತ್ತ, 1 ಕೆ.ಜಿ. ಸುಣ್ಣ. ಮೈಲುತುತ್ತದಲ್ಲಿ ತಾಮ್ರ ಸುಮಾರು ಕಾಲು ಪಾಲು. ಹಾಗಾಗಿ 200 ಲೀಟರಿನ ಡ್ರಮ್ಮಿನಲ್ಲಿ ಅರ್ಧ ಕೆ.ಜಿ. ತಾಮ್ರ ಇರುತ್ತದೆ. ತಳದಲ್ಲಿ 5 ಲೀಟರ್ ಉಳಿಯಿತು, ಅದನ್ನು ಹಳ್ಳದಲ್ಲಿ ಮಗುಚಿ ತೊಳೆದರು ಎಂದುಕೊಳ್ಳಿ: 12 ಗ್ರಾಂ ಮಿಕ್ಕಿ ತಾಮ್ರ ನೀರಿಗೆ ಹೋಯಿತು. 10 ಮೀಟರ್ ಉದ್ದ, 3 ಮೀಟರ್ ಅಗಲ, ಅರ್ಧ ಮೀಟರ್ ಆಳದ ಗುಂಡಿಯಲ್ಲಿ ಇರುವುದು 15,000 ಲೀಟರ್ ನೀರು. ಭಾಗಿಸಿದರೆ ಲೀಟರಿಗೆ 0.8 ಮಿ.ಗ್ರಾಂ.

ಕುಡಿಯುವ ನೀರಿಗೆ ಬಿಐಎಸ್ (ಭಾರತೀಯ ಮಾನಕ ಸಂಸ್ಥೆ) ಹಾಕಿದ ಮಿತಿ ಲೀಟರಿಗೆ 0.05 ಮಿ.ಗ್ರಾಂ., ಬೇರೆ ನೀರಿಲ್ಲದಾಗ 1.5ರ ತನಕ ಬಿಡುತ್ತಾರೆ. ಅಂದರೆ ಮನುಷ್ಯನ ಲೆಕ್ಕದಲ್ಲಿ ಈ ಗುಂಡಿ ಹೇಗೋ ಪಾಸಾಗುತ್ತದೆ. ಮೀನಿನ ಲೆಕ್ಕ ಬೇರೆ. ಘಟ್ಟದ ಹಳ್ಳಗಳ ನೀರು ಮೃದು, ಸುಣ್ಣದ ಅಂಶ ಕಡಿಮೆ. ಗಡಸು ನೀರಿನಲ್ಲಾದರೆ ಮೀನಿನ ಕಿವಿರಿಗೆ ತಾಮ್ರ ಅಂಟದಂತೆ ಕ್ಯಾಲ್ಸಿಯಂ ತಡೆಯುತ್ತದೆ. ನಮ್ಮಲ್ಲಿ ಆ ತಡೆ ಇಲ್ಲ. ಕರಗಿದ ತಾಮ್ರ ಲೀಟರಿಗೆ 0.1 ಮಿ.ಗ್ರಾಂ.ಗಿಂತ ಕಡಿಮೆ ಇದ್ದರೂ ಸೂಕ್ಷ್ಮ ಜಾತಿಯ ಮರಿಗಳು ಸಾಯುತ್ತವೆ. ಅದಕ್ಕೇ "ಯೋಗ್ಯ" ಎನ್ನುವ ಚೀಟಿಯೂ ಸತ್ತ ಮೀನೂ ಒಟ್ಟಿಗೇ ಇರಬಹುದು.

ಹೊತ್ತೂ ಕೆಟ್ಟದ್ದು. ಕೊಳೆಗೆ ಮೊದಲ ಸಿಂಪಡಣೆ ಮೇ ಕೊನೆ, ಜೂನ್ ಮೊದಲ ವಾರ. ಹತ್ಮೀನು ಮೊಟ್ಟೆ ಇಡಲು ಹಳ್ಳ ಹತ್ತಿ ಗದ್ದೆ, ಕಾದಿಗೆ ಸೇರುವುದೂ ಅದೇ ಮೊದಲ ನೆರೆಗೆ. ಎರಡನೇ ಸಿಂಪಡಣೆ 40–45 ದಿನ ಬಿಟ್ಟು. ಆ ಹೊತ್ತಿಗೆ ಹಳ್ಳ ತುಂಬಿ ಹರಿಯುವುದರಿಂದ ತಾಮ್ರ ತೆಳುವಾಗುತ್ತದೆ, ಸಾವು ಕಣ್ಣಿಗೆ ಬೀಳುವುದು ಕಡಿಮೆ.

ಇನ್ನೊಂದು, ಕಲಸುವುದರ ದೋಷ. ಸರಿಯಾಗಿ ಕಲಸಿದ ಬೋರ್ಡೋದಲ್ಲಿ ತಾಮ್ರ ಬಹುಪಾಲು ಕರಗದ ರೂಪದಲ್ಲಿರುತ್ತದೆ, ಎಲೆಗೆ ಕಾಯಿಗೆ ಅಂಟುತ್ತದೆ. ಸುಣ್ಣ ಹಳತಾಗಿದ್ದರೆ, ಗಾಳಿ ಕುಡಿದು ಪುಡಿಯಾಗಿದ್ದರೆ, ತೂಕಕ್ಕೆ 1 ಕೆ.ಜಿ. ಹಾಕಿದರೂ ಕೆಲಸ ಮಾಡುವ ಸುಣ್ಣ ಅರ್ಧವೂ ಇರುವುದಿಲ್ಲ. ಆಗ ತಾಮ್ರ ಕರಗಿದ ರೂಪದಲ್ಲೇ ಉಳಿದು ಅಡಿಕೆಯ ಸಿಪ್ಪೆಯನ್ನೂ ಸುಡುತ್ತದೆ, ಮಳೆಗೆ ಬೇಗ ತೊಳೆದೂ ಹೋಗುತ್ತದೆ. ತೋಟದವರಿಗೂ ನಷ್ಟ, ಹಳ್ಳಕ್ಕೂ ನಷ್ಟ. ಮಾತು ಶುರು ಮಾಡಲು ಇದಕ್ಕಿಂತ ಒಳ್ಳೆಯ ಜಾಗ ಇಲ್ಲ.

ಕ್ರಮ ಗೊತ್ತಿದ್ದರೂ ಅವಸರದಲ್ಲಿ ತಪ್ಪುವುದು ಇಲ್ಲಿ: 50 ಲೀಟರಿನಲ್ಲಿ ಮೈಲುತುತ್ತ, ಇನ್ನೊಂದು 50 ಲೀಟರಿನಲ್ಲಿ ಹೊಸದಾಗಿ ಅರಳಿಸಿ ಸೋಸಿದ ಸುಣ್ಣ, ಎರಡೂ ಪ್ಲಾಸ್ಟಿಕ್ ಪಾತ್ರೆಯಲ್ಲಿ. ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಕದಡುತ್ತ ಸುರಿಯಬೇಕು, ತಿರುಗುಮುರುಗು ಅಲ್ಲ. ತಿರುಗಿಸಿದರೆ ಕಣ ದಪ್ಪವಾಗಿ ಬೇಗ ತಳ ಸೇರುತ್ತದೆ, ನಾಜಲ್ ಕಟ್ಟುತ್ತದೆ, ಡ್ರಮ್ಮಿನ ತಳದಲ್ಲಿ ಹೆಚ್ಚು ಉಳಿಯುತ್ತದೆ. ಕೊನೆಗೆ ಉಜ್ಜಿದ ಕಬ್ಬಿಣದ ಕತ್ತಿಯನ್ನು ಒಂದು ನಿಮಿಷ ಅದ್ದಿ ತೆಗೆಯಿರಿ. ಅಲಗಿನ ಮೇಲೆ ಕೆಂಪು ಕಂದು ಬಣ್ಣ ಕೂತರೆ ಕರಗಿದ ತಾಮ್ರ ಇನ್ನೂ ಇದೆ. ಅಲಗು ಬೆಳ್ಳಗೆ ಬರುವ ತನಕ ಸುಣ್ಣದ ನೀರು ಸೇರಿಸಿ. ಕತ್ತಿಯ ಪರೀಕ್ಷೆ ಎಲ್ಲರ ಬಾಯಲ್ಲೂ ಇದೆ, ಮಾಡುವವರು ಕಡಿಮೆ.

ಕೇಳಬೇಕಾದ್ದು ಇಷ್ಟೇ. ಕಲಸುವ ಜಾಗ ಹಳ್ಳದಿಂದ 30 ಮೀಟರಾದರೂ ಮೇಲೆ ಇರಲಿ, ನೀರು ಪೈಪಿನಲ್ಲಿ ಬರಲಿ, ಪೈಪಿನ ತುದಿ ಡ್ರಮ್ಮಿನ ನೀರಿಗೆ ಮುಳುಗದಿರಲಿ. ಪಂಪ್ ನಿಂತಾಗ ದ್ರಾವಣ ಹಿಂದಕ್ಕೆ ಎಳೆದು ಹಳ್ಳಕ್ಕೇ ಹೋಗುವುದುಂಟು. ಡ್ರಮ್, ಪಂಪು, ಪೈಪು ಮೂರು ಸಲ ಸ್ವಲ್ಪ ಸ್ವಲ್ಪ ನೀರಿನಲ್ಲಿ ತೊಳೆದು, ಆ ನೀರನ್ನೂ ಕೊನೆಯ ಸಾಲಿನ ಮರಗಳಿಗೇ ಹೊಡೆಯಬೇಕು.

ಕೊನೆಕೊಯ್ಲು

ಕೊಳೆ ಔಷಧಿ ಹೊಡೆಯದೆ ಬಿಟ್ಟರೆ ಜುಲೈ ಜಡಿಗೆ ಅರ್ಧ ಫಸಲು ನೆಲ ಕಾಣುತ್ತದೆ, ಅದನ್ನೂ ಬರೆಯಿರಿ. ಬೋರ್ಡೋ ಸಾವಯವದಲ್ಲೂ ಒಪ್ಪಿದ್ದು. ಎಲ್ಲವನ್ನೂ ಎಂಡೋಸಲ್ಫಾನ್ ಮಾಡಿ ಹೆದರಿಸುವುದು ಬೇಡ.

ಕಾದಿಗೆ_ಶಿರಸಿ

ಹೊಡೆಯಬೇಡಿ ಎಂದು ಯಾರೂ ಹೇಳಿಲ್ಲ ಮಾರಾಯ್ರೇ. ಸಾವಯವದಲ್ಲಿ ಒಪ್ಪಿದ್ದು ನಿಜ, ಆದರೆ ಮಿತಿಯಲ್ಲಿ. ಯುರೋಪಿನಲ್ಲಿ ಹೆಕ್ಟೇರಿಗೆ ವರ್ಷಕ್ಕೆ ಸರಾಸರಿ 4 ಕೆ.ಜಿ. ತಾಮ್ರ ಮೀರುವಂತಿಲ್ಲ, 7 ವರ್ಷಕ್ಕೆ 28 ಕೆ.ಜಿ. ಎಕರೆಗೆ ಎರಡು ಡ್ರಮ್, ವರ್ಷಕ್ಕೆ ಎರಡು ಸಲ ಹೊಡೆದರೆ ನಮ್ಮದು ಹೆಕ್ಟೇರಿಗೆ 5 ಕೆ.ಜಿ. ಆಗುತ್ತದೆ. ಮೂರನೇ ಸಲ ಹೊಡೆದವರದ್ದು ಇನ್ನೂ ಮೇಲೆ. ತಾಮ್ರ ಕೊಳೆಯುವ ವಸ್ತು ಅಲ್ಲ, ಅಜ್ಜನ ಕಾಲದಲ್ಲಿ ಹೊಡೆದದ್ದೂ ಮೇಲ್ಮಣ್ಣಿನಲ್ಲೇ ಕೂತಿದೆ, ಎರೆಹುಳ ಕಡಿಮೆಯಾಗುವುದಕ್ಕೆ ಅದೂ ಒಂದು ಕಾರಣ. ಹಳ್ಳಕ್ಕೆ ತಾಗಿದ ಎರಡು ಸಾಲಿಗಾದರೂ ಔಷಧಿಯ ಬದಲು ಕೊಟ್ಟೆ (ಗೊನೆಗೆ ಮಳೆ ತಾಗದ ಹಾಗೆ ಹೊದಿಕೆ) ಕಟ್ಟಬಹುದು. ಹಿಂದೆ ಕರಡದ ಕೊಟ್ಟೆ ಕಟ್ಟುತ್ತಿದ್ದರು, ಈಗ ಪ್ಲಾಸ್ಟಿಕ್ ಕೊಟ್ಟೆ. ಮಳೆ ಹಿಡಿಯುವ ಮೊದಲೇ ಕಟ್ಟಬೇಕು, ಕೆಳಬಾಯಿ ತೆರೆದಿರಬೇಕು. ಒಳಗೆ ನೀರು ನಿಂತರೆ ಕೊಳೆ ಅಲ್ಲೇ ಏಳುತ್ತದೆ. ಕೂಲಿ ಹೆಚ್ಚು ಎನ್ನುವುದು ಸರಿ, ಅದಕ್ಕೇ ಎರಡು ಸಾಲು ಎಂದದ್ದು.

ಮಿಸರಿ_ಜೇನು

ಜೇನಿನ ಬಗ್ಗೆ. ಮೊದಲು ರೋಗವೋ ವಿಷವೋ ತಿಳಿಯಬೇಕು, ಏಕೆಂದರೆ ತುಡುವೆ ಸತ್ತರೆ ಎಲ್ಲರೂ ಔಷಧಿಗೆ ಬೊಟ್ಟು ಮಾಡುತ್ತಾರೆ. 1991–92ರಲ್ಲಿ ದಕ್ಷಿಣ ಭಾರತದ ತುಡುವೆ ಕುಟುಂಬಗಳನ್ನು ಗುಡಿಸಿ ಹಾಕಿದ್ದು ಥಾಯ್ ಸ್ಯಾಕ್‌ಬ್ರೂಡ್ ವೈರಸ್, ಅದು ಈಗಲೂ ಬಂದು ಹೋಗುತ್ತಿದೆ. ಅದರಲ್ಲಿ ಸಾಯುವುದು ಮರಿ. ಎರಿಯ ಕೋಣೆಯಲ್ಲಿ ಮರಿ ತಲೆ ಚೂಪಾಗಿ ಮೇಲೆ ಎತ್ತಿಕೊಂಡು ಸತ್ತಿರುತ್ತದೆ, ಚಿಮಟದಲ್ಲಿ ಎತ್ತಿದರೆ ನೀರು ತುಂಬಿದ ಚೀಲದ ಹಾಗೆ ಇಡಿಯಾಗಿ ಬರುತ್ತದೆ. ವಿಷವಾದರೆ ಸಾಯುವುದು ಹೊರಗೆ ಹೋಗಿ ಬಂದ ದೊಡ್ಡ ನೊಣ: ಬಾಗಿಲ ಮುಂದೆ ರಾಶಿ, ನಾಲಗೆ ಹೊರಚಾಚಿ, ನಡುಗುತ್ತ, ಗಿರಗಿರ ತಿರುಗುತ್ತ ಬಿದ್ದಿರುತ್ತವೆ. ಒಳಗೆ ಮರಿ ಆರೋಗ್ಯವಾಗಿದ್ದು, ನೋಡಿಕೊಳ್ಳುವವರಿಲ್ಲದೆ ಆಮೇಲೆ ತಣ್ಣಗಾಗಿ ಸಾಯುತ್ತವೆ. ನೀವು ಹೇಳಿದ್ದು ಎರಡನೆಯದು.

ಬೋರ್ಡೋ ಒಂದರಿಂದ ಹೀಗೆ ರಾಶಿ ಬೀಳುವುದು ಅಪರೂಪ. ಪ್ರೊಪಿಕೊನಜೋಲ್ ಒಂದೇ ಆದರೂ ಅಷ್ಟೇ. ಕೆಡುವುದು ಮಿಶ್ರಣದಲ್ಲಿ. ಕೂಲಿ ಉಳಿಸಲು ಎಲೆಚುಕ್ಕಿ ಔಷಧಿಯ ಡ್ರಮ್ಮಿಗೇ ಸುಳಿತಿಗಣೆಗೋ ಸಿಂಗಾರ (ಅಡಿಕೆಯ ಹೂಗೊಂಚಲು) ತಿನ್ನುವ ಹುಳಕ್ಕೋ ಒಂದು ಕೀಟನಾಶಕ ಸುರಿಯುತ್ತಾರೆ. ಪ್ರೊಪಿಕೊನಜೋಲ್ ಗುಂಪಿನ ಶಿಲೀಂಧ್ರನಾಶಕಗಳು ಜೇನ್ನೊಣ ವಿಷವನ್ನು ಒಡೆದು ಅರಗಿಸಿಕೊಳ್ಳಲು ಬಳಸುವ ಕಿಣ್ವವನ್ನೇ ಕಟ್ಟಿಹಾಕುತ್ತವೆ. ಆಗ ಪೈರೆಥ್ರಾಯ್ಡ್ ಅಥವಾ ಕೆಲವು ನಿಯೋನಿಕೋಟಿನಾಯ್ಡ್ ಗುಂಪಿನ ಕೀಟನಾಶಕಗಳ ಸಣ್ಣ ಪ್ರಮಾಣವೂ ಕೊಲ್ಲಲು ಸಾಕಾಗುತ್ತದೆ. ಎರಡು ಬಾಟಲಿಯ ಲೇಬಲ್ ಪ್ರತ್ಯೇಕ ಓದಿದರೆ ಈ ಅಪಾಯ ಗೊತ್ತೇ ಆಗುವುದಿಲ್ಲ. ಡಿಸೆಂಬರ್‌–ಜನವರಿಯಲ್ಲಿ ಸಿಂಗಾರ ಒಡೆದಿರುತ್ತದೆ. ಅಡಿಕೆಯ ಗಂಡು ಹೂವಿನ ಪರಾಗಕ್ಕೆ ತುಡುವೆ, ಮಿಸರಿ (ಚುಚ್ಚದ ಸಣ್ಣ ಜೇನು) ಎರಡೂ ಬೆಳಗ್ಗೆ ಮುತ್ತುತ್ತವೆ.

ತೋಟದವರಲ್ಲಿ ಕೇಳಿ: ಕೀಟನಾಶಕ ಬೆರೆಸದೆ ಹೊಡೆಯಿರಿ, ಹೊಡೆಯುವುದು ಸಂಜೆ 5ರ ನಂತರ ಆಗಲಿ, ಹಿಂದಿನ ದಿನ ಹೇಳಿ. ಹೇಳಿದ ದಿನ ಪೆಟ್ಟಿಗೆಯ ಬಾಗಿಲಿಗೆ ಜಾಲರಿ ಹಾಕಿ, ಒದ್ದೆ ಗೋಣಿ ಹೊದಿಸಿ, ಮರುದಿನ ಮಧ್ಯಾಹ್ನದ ತನಕ ನೆರಳಲ್ಲಿಡಿ. ಅದಕ್ಕಿಂತ ಹೆಚ್ಚು ಮುಚ್ಚಿದರೆ ಒಳಗೇ ಬೆಂದುಹೋಗುತ್ತವೆ. ಸ್ಥಳಾಂತರವಾದರೆ 3 ಕಿ.ಮೀ. ಆಚೆಗೆ, ಹತ್ತಿರ ಇಟ್ಟರೆ ಹಳೆಯ ಜಾಗಕ್ಕೇ ವಾಪಸು ಬಂದು ಸುತ್ತುತ್ತವೆ. ಹೆಜ್ಜೇನಿಗೆ ಇದು ಯಾವುದೂ ಆಗುವುದಿಲ್ಲ, ಅದು ಪೆಟ್ಟಿಗೆಯಲ್ಲಿ ಇಲ್ಲ, ಮೇಯುವ ದೂರವೂ ಹೆಚ್ಚು. ಹಾಗಾಗಿ ಹೂವಿನ ಹೊತ್ತಿನಲ್ಲಿ ಹೊಡೆಯದಿರುವುದೊಂದೇ ದಾರಿ.

ಕರಾವಳಿಯವರಿಗೆ ಒಂದು ಮಾತು: ಅಂಕೋಲೆ ಕಡೆ ಕರಿ ಇಶಾಡು ಮಾವಿಗೆ ಜಿಗಿಹುಳದ ಔಷಧಿ, ಗೇರಿಗೆ ಟೀ ಸೊಳ್ಳೆಯ ಔಷಧಿ, ಎರಡೂ ಹೂವಿನ ಹೊತ್ತಿಗೇ ಬೀಳುತ್ತವೆ. ಮೊಗ್ಗು ಒಡೆಯುವ ಮೊದಲು ಹೊಡೆದು, ಹೂ ಪೂರ್ತಿ ಅರಳಿದಾಗ ಬಿಟ್ಟು, ಕಾಯಿ ಕಚ್ಚಿದ ಮೇಲೆ ನೋಡಿದರೆ ಜೇನೂ ಉಳಿಯುತ್ತದೆ, ಕಾಯಿಯೂ ಕಚ್ಚುತ್ತದೆ.

ನೀರುಲೆಕ್ಕ

ಪಂಚಾಯ್ತಿ ಕಿಟ್ ಸುಳ್ಳು ಹೇಳಿಲ್ಲ, ನೀವು ಕೇಳದ ಪ್ರಶ್ನೆಗೆ ಉತ್ತರ ಕೊಟ್ಟಿದೆ. ಆ ಕಿಟ್ ನೋಡುವುದು ಪಿಎಚ್, ಕಬ್ಬಿಣ, ಫ್ಲೋರೈಡ್, ನೈಟ್ರೇಟ್, ಕ್ಲೋರಿನ್ ಇಂಥವನ್ನು. ಕೀಟನಾಶಕ ಅದರಲ್ಲಿ ಇಲ್ಲ. ಇನ್ನೂ ಒಂದು ತೊಡಕು: ಕುಡಿಯುವ ನೀರಿನ ಐಎಸ್ 10500 ಮಾನದಂಡದ ಕೀಟನಾಶಕ ಪಟ್ಟಿಯಲ್ಲಿ ಕ್ಲೋರ್‌ಪೈರಿಫಾಸ್, ಫೋರೇಟ್, ಮೊನೊಕ್ರೊಟೊಫಾಸ್, 2,4-ಡಿ, ಎಂಡೋಸಲ್ಫಾನ್ ಇವೆ, ಕಳೆನಾಶಕ ಗ್ಲೈಫೋಸೇಟ್ ಇಲ್ಲ, ಪ್ರೊಪಿಕೊನಜೋಲ್ ಇಲ್ಲ. ಅಂದರೆ ದುಡ್ಡು ಕೊಟ್ಟು "ಪೂರ್ತಿ ಕೀಟನಾಶಕ ಪರೀಕ್ಷೆ" ಮಾಡಿಸಿದರೂ ನಿಮ್ಮ ಹಳ್ಳದಲ್ಲಿ ನಿಜವಾಗಿ ಇರುವುದನ್ನು ಅವರು ನೋಡದೇ ಇರಬಹುದು. ಪ್ರಯೋಗಾಲಯಕ್ಕೆ ರಾಸಾಯನಿಕದ ಹೆಸರು ಬರೆದು ಕೊಡಿ. ಹೆಸರು ಬೇಕಾದರೆ ಖಾಲಿ ಬಾಟಲಿಯ ಲೇಬಲ್ ಫೋಟೊ ತೆಗೆದಿಡಿ. ಹೊಡೆಯಲು ಹೋಗುವವರು ನಿಮ್ಮ ಕೇರಿಯವರೇ ಅಂದಮೇಲೆ ಅದೇನು ಕಷ್ಟವಲ್ಲ.

ಮಾದರಿ ತೆಗೆಯುವುದರಲ್ಲೇ ಹೆಚ್ಚಿನವರು ಎಡವುತ್ತಾರೆ. ಬಿಸಿಲ ದಿನ ತಿಳಿನೀರು ತುಂಬಿಸಿದರೆ ಏನೂ ಸಿಗುವುದಿಲ್ಲ. ಸಿಂಪಡಣೆ ಆದ ಮೇಲಿನ ಮೊದಲ ದೊಡ್ಡ ಮಳೆಗೆ ಹಳ್ಳ ಏರುತ್ತಿರುವಾಗ ತುಂಬಬೇಕು, ಇಳಿಯುವಾಗ ಅಲ್ಲ. ಎರಡು ಜಾಗ: ತೋಟಗಳಿಗಿಂತ ಮೇಲೆ ಒಂದು, ಕೇರಿಯ ಗುಂಡಿಯಲ್ಲಿ ಒಂದು. ಮೇಲಿನದು ಇಲ್ಲದಿದ್ದರೆ ಕೆಳಗಿನ ಅಂಕಿಗೆ ಅರ್ಥ ಇಲ್ಲ, ಯಾರೂ ಒಪ್ಪುವುದಿಲ್ಲ. ತಾಮ್ರಕ್ಕೆ ಪ್ಲಾಸ್ಟಿಕ್ ಬಾಟಲಿ. ಅದರಲ್ಲಿ ಹಾಕಬೇಕಾದ ನೈಟ್ರಿಕ್ ಆಮ್ಲದ ಹನಿಯನ್ನು ಪ್ರಯೋಗಾಲಯದಿಂದಲೇ ಹಾಕಿಸಿ ತನ್ನಿ, ಇಲ್ಲದಿದ್ದರೆ ತಾಮ್ರ ಬಾಟಲಿಯ ಗೋಡೆಗೆ ಅಂಟಿ ಅಂಕಿ ಕಡಿಮೆ ಬರುತ್ತದೆ. ಒಟ್ಟು ತಾಮ್ರ, ಕರಗಿದ ತಾಮ್ರ ಬೇರೆ ಬೇರೆ ಕೇಳಿ. ಮೀನಿಗೆ ಮುಖ್ಯ ಎರಡನೆಯದು, ಅದಕ್ಕೆ ನೀರನ್ನು ಮೊದಲು ಸೋಸಿ ಆಮೇಲೆ ಆಮ್ಲದ ಬಾಟಲಿಗೆ ತುಂಬಬೇಕು. ನೀರಿನ ಗಡಸುತನವನ್ನೂ ಅಳೆಯಿಸಿ. ಕೀಟನಾಶಕಕ್ಕೆ ಕಂದು ಗಾಜಿನ ಬಾಟಲಿ, ಬಾಯಿತನಕ ತುಂಬಿ, ಐಸಿನಲ್ಲಿಟ್ಟು, 24 ಗಂಟೆಯೊಳಗೆ ಮುಟ್ಟಿಸಿ. ದಿನ, ಗಂಟೆ, ಮಳೆ ಎಷ್ಟು ಹೊತ್ತು ಬಂತು, ಯಾವ ತೋಟಕ್ಕೆ ಯಾವಾಗ ಹೊಡೆದದ್ದು, ಎಲ್ಲ ಬಾಟಲಿಯ ಮೇಲೆ ಅಲ್ಲದಿದ್ದರೂ ಒಂದು ಪಟ್ಟಿಯಲ್ಲಾದರೂ ಇರಲಿ.

ಸತ್ತ ಮೀನನ್ನು ಪರೀಕ್ಷೆಗೆ ಕಳಿಸಬೇಕಾದರೆ ಕಣ್ಣು ಬಿಳಿಯಾಗುವ ಮೊದಲೇ ಐಸಿಗೆ ಹಾಕಬೇಕು. ಮೀನು ಹಿಡಿಯಲಿಕ್ಕೆಂದೇ ಯಾರಾದರೂ ಬ್ಲೀಚಿಂಗ್ ಪುಡಿ ಹಾಕಿಲ್ಲವೇ ಎನ್ನುವುದನ್ನೂ ಮೊದಲು ನೋಡಿಕೊಳ್ಳಿ. ಕಾರೆಕಾಯಿ ಜಜ್ಜಿ ಹಾಕುವ ಹಳೆಯ ಪದ್ಧತಿ ಬೇರೆ, ಬ್ಲೀಚಿಂಗ್ ಬೇರೆ. ಎರಡನೆಯದು ಏಡಿ, ಸಿಗಡಿ, ಮೊಟ್ಟೆ ಒಂದನ್ನೂ ಬಿಡುವುದಿಲ್ಲ.

ಹಕ್ಕುಪತ್ರ

ಕಾಯ್ದೆಯ ಬಗ್ಗೆ. ಸಿದ್ದಿಗಳು 2003ರಿಂದ ಈ ಜಿಲ್ಲೆಯಲ್ಲಿ ಪರಿಶಿಷ್ಟ ಪಂಗಡ, ಹಾಗಾಗಿ 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ 75 ವರ್ಷದಿಂದ ಅಲ್ಲೇ ಇದ್ದೇವೆ ಎಂಬ ದಾಖಲೆಯ ತೊಡಕು ಅವರಿಗಿಲ್ಲ. ಹಾಲಕ್ಕಿ, ಕುಣಬಿಯವರಿಗೆ ಇದೆ. ಹೆಚ್ಚಿನವರು ಮನೆ-ಗದ್ದೆಯ ವೈಯಕ್ತಿಕ ಅರ್ಜಿ ಹಾಕಿ ಸುಮ್ಮನಾಗುತ್ತಾರೆ. ನಿಮಗೆ ಬೇಕಾದ್ದು ಸಮುದಾಯ ಹಕ್ಕು: 3(1)(ಸಿ)ಯಲ್ಲಿ ಜೇನು ಸಹಿತ ಕಿರು ಅರಣ್ಯ ಉತ್ಪನ್ನ, 3(1)(ಡಿ)ಯಲ್ಲಿ ಮೀನು ಮತ್ತು ನೀರಿನ ಇತರ ಉತ್ಪನ್ನ. ನಮೂನೆ ಬಿಯಲ್ಲಿ ಹಳ್ಳದ ಹೆಸರು, ಗುಂಡಿಗಳ ಹೆಸರು, ಹೆಜ್ಜೇನು ಕೂರುವ ಮರಗಳನ್ನು ನಕಾಶೆ ಸಮೇತ ಬರೆಯಿರಿ. ಸಮುದಾಯ ಅರಣ್ಯ ಸಂಪನ್ಮೂಲಕ್ಕೆ ನಮೂನೆ ಸಿ ಪ್ರತ್ಯೇಕ.

ಕಲಂ 5ರಲ್ಲಿ ಜಲಾನಯನ, ನೀರಿನ ಮೂಲಗಳನ್ನು ಕಾಯುವ ಅಧಿಕಾರ ಗ್ರಾಮಸಭೆಗೆ ಇದೆ, ಅದನ್ನು ನಡೆಸಲು ನಿಯಮ 4(1)(ಇ)ಯಲ್ಲಿ ಸಮಿತಿ ರಚಿಸಬಹುದು. ಆದರೆ ತಪ್ಪು ನಿರೀಕ್ಷೆ ಬೇಡ: ಮಾಲ್ಕಿ (ಸ್ವಂತ ಹಕ್ಕಿನ) ತೋಟದಲ್ಲಿ ಏನು ಹೊಡೆಯಬೇಕು ಎಂದು ಈ ಸಮಿತಿ ಆಜ್ಞೆ ಮಾಡಲಾರದು. ತೋಟಕ್ಕೆ ಸೊಪ್ಪು ತರುವ ಸೊಪ್ಪಿನ ಬೆಟ್ಟದ ಮಾತು ಬೇರೆ. ಬೆಟ್ಟ ತೋಟಕ್ಕೆ ಬಿಟ್ಟದ್ದಾದರೂ ಅರಣ್ಯ ಭೂಮಿಯೇ, ಅಲ್ಲಿ ಕಳೆನಾಶಕ ಹೊಡೆದರೆ ಅರಣ್ಯ ಇಲಾಖೆಗೆ ದೂರು ಕೊಡಬಹುದು. ಮಾರಾಟದ ವಿಷಯಕ್ಕೆ 1968ರ ಕೀಟನಾಶಕ ಕಾಯ್ದೆಯ ನಿರೀಕ್ಷಕರು ಕೃಷಿ ಇಲಾಖೆಯಲ್ಲಿರುತ್ತಾರೆ. ಫೋರೇಟ್ ಎಂಬ ಕೀಟನಾಶಕದ ಮಾರಾಟ, ಬಳಕೆ 2020ರ ಕೊನೆಗೇ ನಿಂತಿದೆ. ಅಟ್ಟದ ಮೇಲಿನ ಹಳೆಯ ಡಬ್ಬಿ ಇನ್ನೂ ಬೇರುಹುಳಕ್ಕೆ ಇಳಿಯುತ್ತಿದ್ದರೆ ಮೊದಲು ನಿಲ್ಲಿಸಬೇಕಾದ್ದು ಅದು.

ಕೊನೆಕೊಯ್ಲು ಅವರೇ, ಎಂಡೋಸಲ್ಫಾನ್ ಹೆಸರು ಹೆದರಿಸಲಿಕ್ಕಲ್ಲ. 2011ರ ಮೇ 13ರಂದು ಸುಪ್ರೀಂ ಕೋರ್ಟ್ ತಡೆಯುವ ಹೊತ್ತಿಗೆ ಕರಾವಳಿಯ ಮೂರೂ ಜಿಲ್ಲೆಗಳ ಗೇರುತೋಪುಗಳ ಸುತ್ತ ಆಗಬೇಕಾದ ಹಾನಿ ಆಗಿಹೋಗಿತ್ತು. ಅಲ್ಲಿಯೂ ಯಾವ ದಿನ, ಎಷ್ಟು, ಎಲ್ಲಿ ಹೊಡೆದದ್ದು ಎಂಬ ದಾಖಲೆ ಊರವರ ಕೈಯಲ್ಲಿ ಇರಲಿಲ್ಲ.

ಬೇಡ್ತಿ_ಬದಿ

ಬಹಳ ಉಪಕಾರ. ಒಂದು ಉಳಿಯಿತು. ಕೇರಿಯ ಹೆಂಗಸರು ಕಾದಿಗೆ ಬದಿಯಿಂದ ಒಂದೆಲಗ, ಕೆಸು ಕೊಯ್ದು ತರುತ್ತಾರೆ. ಕಳೆನಾಶಕ ಹೊಡೆದ ಜಾಗ ಗೊತ್ತಾಗುವುದು ಹೇಗೆ?

ಕಾದಿಗೆ_ಶಿರಸಿ

ನೋಡಿ ಗೊತ್ತಾಗುವುದಿಲ್ಲ, ತೊಂದರೆ ಇರುವುದೇ ಅಲ್ಲಿ. ಕಳೆನಾಶಕ ಪ್ಯಾರಾಕ್ವಾಟ್ ಆದರೆ ಬಿಸಿಲಿಗೆ ಕೆಲವೇ ಗಂಟೆಯಲ್ಲಿ ಸುಟ್ಟಂತೆ ಕಾಣುತ್ತದೆ. ಗ್ಲೈಫೋಸೇಟ್ ಎಲೆಯಿಂದ ಬೇರಿಗೆ ಇಳಿದು ನಿಧಾನ ಕೊಲ್ಲುವುದು. ಹಳದಿ ಬರಲು ವಾರ ಬೇಕು, ಮೋಡ ಇದ್ದರೆ ಹತ್ತು ದಿನ. ಎರಡನೇ ದಿನ ಒಂದೆಲಗ ಹಸಿರಾಗಿ ಎಳೆಯದಾಗಿ ಚೆಂದವೇ ಇರುತ್ತದೆ. ತೊಳೆದರೆ ಮೇಲಿನದು ಸ್ವಲ್ಪ ಹೋದೀತು, ಒಳಗೆ ಹೀರಿದ್ದು ಹೋಗುವುದಿಲ್ಲ.

ಹೊಡೆದ ಬದುವಿನ ಎರಡೂ ತುದಿಗೆ ಕೆಂಪು ಬಟ್ಟೆ ಕಟ್ಟುವ ಪದ್ಧತಿ ಮಾಡಿಸಿ, ಆ ಹುಲ್ಲು ಪೂರ್ತಿ ಒಣಗಿ ಹೊಸ ಚಿಗುರು ಬರುವ ತನಕ ಬಿಚ್ಚಬಾರದು, ದನವನ್ನೂ ಬಿಡಬಾರದು. ಕಾದಿಗೆಯ ಒಳಗೋಡೆಗೆ, ನೀರಿನ ಅಂಚಿಗೆ ಹೊಡೆಯುವುದನ್ನು ಮಾತ್ರ ಪೂರ್ತಿ ಬಿಡಿಸಬೇಕು. ಗ್ಲೈಫೋಸೇಟ್ ಮಣ್ಣಿಗೆ ಗಟ್ಟಿಯಾಗಿ ಅಂಟುತ್ತದೆ ಎನ್ನುವುದು ನಿಜ, ಆದರೆ ಕಾದಿಗೆಯ ಮಣ್ಣೇ ಮಳೆಗೆ ಹಳ್ಳ ಸೇರುತ್ತದಲ್ಲ. ಅದರ ಜೊತೆ ಬೆರೆಸಿರುವ ಅಂಟುದ್ರವ್ಯ ಗೊದಮೊಟ್ಟೆಗೆ ಗ್ಲೈಫೋಸೇಟಿಗಿಂತ ಹೆಚ್ಚು ಕೆಟ್ಟದ್ದು. ಬೇರು ಸತ್ತ ಗೋಡೆ ಜುಲೈಯಲ್ಲಿ ಕುಸಿಯುತ್ತದೆ, ಆಮೇಲೆ ಕಾದಿಗೆ ಎತ್ತುವ ಕೂಲಿ ಕಳೆ ಸವರುವ ಕೂಲಿಗಿಂತ ಜಾಸ್ತಿ. ತೋಟದವರಿಗೆ ಈ ಲೆಕ್ಕ ಹೇಳಿ. ಲೇಬಲ್ಲಿನಲ್ಲಿ ಗ್ಲೈಫೋಸೇಟಿಗೆ ಒಪ್ಪಿರುವ ಬೆಳೆ ಚಹಾ, ಅಡಿಕೆ ಅಲ್ಲ. 2022ರ ಅಕ್ಟೋಬರಿನಲ್ಲಿ ಕೇಂದ್ರದ ಅಧಿಸೂಚನೆ ಪರವಾನಗಿ ಇರುವ ಕೀಟ ನಿಯಂತ್ರಕರು ಮಾತ್ರ ಬಳಸಬೇಕು ಎಂದಿತು.

ಹೊಡೆಯುವವರಿಗೆ: ಬಟ್ಟೆಯ ಕೈಗವಸು ಬೇಡ, ಅದು ಔಷಧಿ ಹೀರಿ ಚರ್ಮಕ್ಕೆ ಒತ್ತಿ ಹಿಡಿಯುತ್ತದೆ, ನೈಟ್ರೈಲ್ ಕೈಗವಸೇ ಆಗಬೇಕು. ಫೈಬರ್ ದೋಟಿಯಲ್ಲಿ ಮೇಲಕ್ಕೆ ಹೊಡೆಯುವಾಗ ಗಾಳಿಗೆ ಬೆನ್ನು ಕೊಟ್ಟು ನಿಲ್ಲಬೇಕು, ಟೋಪಿಗೆ ಅಂಚು ಇರಬೇಕು, ಕುತ್ತಿಗೆ ಮುಚ್ಚಿರಬೇಕು. ನಾಜಲ್ ಕಟ್ಟಿದರೆ ಬಾಯಲ್ಲಿ ಊದಬಾರದು, ಒಂದು ಹಳೆಯ ಬ್ರಷ್ ಜೇಬಿನಲ್ಲಿರಲಿ. ಕೀಟನಾಶಕ ಹೊಡೆದವರಿಗೆ ಜೊಲ್ಲು, ವಿಪರೀತ ಬೆವರು, ಕಣ್ಣಿನ ಪಾಪೆ ಸೂಜಿಮೊನೆಯಷ್ಟು ಸಣ್ಣದು, ಸ್ನಾಯು ಅದುರುವುದು ಕಂಡರೆ ಬಟ್ಟೆ ಬಿಚ್ಚಿಸಿ ಸೋಪು ಹಾಕಿ ತೊಳೆದು 108ಕ್ಕೆ ಕರೆ ಮಾಡಿ, ಬಾಟಲಿಯನ್ನೋ ಅದರ ಲೇಬಲ್ಲನ್ನೋ ಜೊತೆಗೇ ಕಳಿಸಿ. ಪ್ಯಾರಾಕ್ವಾಟ್ ಹೊಟ್ಟೆಗೆ ಹೋದರೆ ಪ್ರತಿವಿಷವೇ ಇಲ್ಲ. ಅದನ್ನು ನೀರಿನ ಬಾಟಲಿಗೆ ಬಗ್ಗಿಸಿ ಮನೆಗೆ ತರುವವರಿದ್ದರೆ ಇವತ್ತೇ ಹೇಳಿ ನಿಲ್ಲಿಸಿ.